ಜೆಲ್, ಡಿಪ್, ಅಕ್ರಿಲಿಕ್: ಯಾವುದು ಮಾಡಿಸಲಿ, ಉಗುರಿಗೆ ಉಸಿರಾಡಲು ಎಷ್ಟು ದಿನ ಬಿಡಲಿ?

ಪ್ರಶ್ನೆ: ತುಂಬಾ ದಿನ ಬರೋ ಮ್ಯಾನಿಕ್ಯೂರ್ ಮಾಡಿಸಬೇಕು ಅಂತಿದ್ದೀನಿ. ಜೆಲ್, ಡಿಪ್, ಅಕ್ರಿಲಿಕ್, ಇವುಗಳಲ್ಲಿ ಯಾವುದು ಒಳ್ಳೇದು? ಮಧ್ಯೆ ಮಧ್ಯೆ ಉಗುರಿಗೆ ಉಸಿರಾಡೋಕೆ ಬಿಡಬೇಕಂತೆ, ಎಷ್ಟು ದಿನ ಬಿಡಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ಆ ಕೊನೆಯ ಸಾಲು ಮಾತ್ರ ಹಾಗೇ ಇರುತ್ತದೆ. ಈ ಸಲ ಒಂದೇ ಕಡೆ ಪೂರ್ತಿ ಬರೆದುಬಿಡುತ್ತೇನೆ.

ಆಯ್ಕೆಯ ವಿಷಯ ಬೇಗ ಮುಗಿಯುತ್ತದೆ. ಈಗಿರುವ ಉದ್ದವೇ ಸಾಕು, ಬಣ್ಣ ಎರಡು ವಾರ ಮಾಸದೆ ಇದ್ದರೆ ಆಯ್ತು ಅನ್ನುವವರಿಗೆ ಜೆಲ್ ಪಾಲಿಶ್. ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುತ್ತದೆ. ಅಸಿಟೋನ್ ಅನ್ನುವ, ಬಣ್ಣ ಬಿಡಿಸುವ ದ್ರವದಲ್ಲಿ 10ರಿಂದ 15 ನಿಮಿಷ ನೆನೆಸಿದರೆ ಸಡಿಲವಾಗಿ ಬರುತ್ತದೆ. ಮೊದಲ ಸಲ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ.

ಉಗುರು ತೆಳು, ತುದಿ ಸೀಳುತ್ತದೆ ಅನ್ನುವವರು ಡಿಪ್ ಪೌಡರ್ ನೋಡಬಹುದು. ಇದಕ್ಕೆ ಲ್ಯಾಂಪ್ ಬೇಡ. ಅಂಟಿನಂಥ ದ್ರವ ಹಚ್ಚಿ, ಮೇಲೆ ಬಣ್ಣದ ಪುಡಿ ಕೂರಿಸುತ್ತಾರೆ. ಆ ದ್ರವದ ಹೆಸರು ಸೈನೋಅಕ್ರಿಲೇಟ್, ಸೂಪರ್ ಗ್ಲೂ ಜಾತಿಯದೇ. ಮೂರು ವಾರ ಆರಾಮಾಗಿ ನಿಲ್ಲುತ್ತದೆ. ತೆಗೆಯಲು ಜೆಲ್‌ಗಿಂತ ಜಾಸ್ತಿ ಹೊತ್ತು ನೆನೆಸಬೇಕು. ಬಂದವರೆಲ್ಲರ ಬೆರಳನ್ನೂ ಒಂದೇ ಡಬ್ಬಿಗೆ ಅದ್ದಿಸುತ್ತಿದ್ದರೆ ಮಾತ್ರ ಎದ್ದು ಬನ್ನಿ. ಪುಡಿಯನ್ನು ಚಮಚದಲ್ಲಿ ಉಗುರಿನ ಮೇಲೆ ಉದುರಿಸುವುದು ಸರಿಯಾದ ಕ್ರಮ.

ಉದ್ದವೇ ಬೇಕು ಅಂದರೆ ಅಕ್ರಿಲಿಕ್ (ದ್ರವ, ಪುಡಿ ಸೇರಿಸಿ ಉಗುರಿನ ಮೇಲೆ ಕಟ್ಟುವುದು) ಅಥವಾ ಹಾರ್ಡ್ ಜೆಲ್ (ಲ್ಯಾಂಪಿನಲ್ಲಿ ಗಟ್ಟಿಯಾಗುವ ದಪ್ಪ ಜೆಲ್). ಎರಡಕ್ಕೂ ಎರಡು ಮೂರು ವಾರಕ್ಕೊಮ್ಮೆ ಬುಡದಲ್ಲಿ ಬೆಳೆದ ಜಾಗ ತುಂಬಿಸಿಕೊಳ್ಳಬೇಕು. ಹಾರ್ಡ್ ಜೆಲ್ ಅಸಿಟೋನಿಗೆ ಕರಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಹಾಗಾಗಿ ಕೈ ಪಳಗಿದವರ ಹತ್ತಿರವೇ ಹೋಗಿ. ಅಕ್ರಿಲಿಕ್‌ನಲ್ಲಿ ಇಎಂಎ ಅನ್ನುವ ದ್ರವ ಬಳಸಬೇಕು. ಎಂಎಂಎ ಅನ್ನುವ ಅಗ್ಗದ ದ್ರವವನ್ನು ಉಗುರಿಗೆ ಬಳಸಬಾರದು. ಅದು ಎಷ್ಟು ಗಟ್ಟಿ ಅಂದರೆ, ಬೆರಳು ಎಲ್ಲಾದರೂ ಸಿಕ್ಕಿಕೊಂಡಾಗ ಅಕ್ರಿಲಿಕ್ ಮುರಿಯುವ ಬದಲು ನಿಮ್ಮ ಉಗುರೇ ಕಿತ್ತು ಬರುತ್ತದೆ. ಬಾಟಲಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಈಗ ಉಸಿರಾಟಕ್ಕೆ ಬರೋಣ. ಉಗುರು ಉಸಿರಾಡುವುದಿಲ್ಲ. ಒಂದು ದಿನ, ಒಂದು ವಾರ, ಒಂದು ತಿಂಗಳು, ಎಷ್ಟು ಬಿಟ್ಟರೂ ಉಸಿರಾಡುವುದಿಲ್ಲ.

ಬಣ್ಣ ಹಚ್ಚುವ ಆ ಗಟ್ಟಿ ಭಾಗ ಸತ್ತ ಜೀವಕೋಶಗಳ ಪದರ. ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನ್ ತುಂಬಿ, ಚಪ್ಪಟೆಯಾಗಿ, ಒಂದರ ಮೇಲೊಂದು ಒತ್ತಿ ಕೂತಿರುತ್ತವೆ. ಅದಕ್ಕೇ ಉಗುರು ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಕೆಳಗೆ. ಹೆಬ್ಬೆರಳ ಉಗುರಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಕಾಣುತ್ತದಲ್ವಾ, ಅದು ಆ ಜೀವಂತ ಭಾಗದ ಅಂಚು. ಉಗುರು ಹುಟ್ಟುವುದು ಅಲ್ಲಿ. ಅದಕ್ಕೆ ಬೇಕಾದ ಆಮ್ಲಜನಕ, ಆಹಾರ ಎರಡೂ ರಕ್ತದಿಂದ ಬರುತ್ತವೆ. ಈಗಲೇ ಒಂದು ಉಗುರನ್ನು ಗಟ್ಟಿಯಾಗಿ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿತಲ್ವಾ? ಆ ಗುಲಾಬಿ ಬಣ್ಣ ಕೆಳಗೆ ಹರಿಯುವ ರಕ್ತದ್ದು. ನೀವು ಮೇಲೆ ಏನೇ ಹಚ್ಚಿದರೂ ಆ ರಕ್ತ ನಿಲ್ಲುವುದಿಲ್ಲ.

ಗಾಳಿಯಿಂದ ನೇರವಾಗಿ ಆಮ್ಲಜನಕ ತೆಗೆದುಕೊಳ್ಳುವ ಭಾಗ ನಮ್ಮ ಮೈಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಹಾಗೆ ಮಾಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಮಲಗಬೇಡಿ ಅನ್ನಲು ಇದೂ ಒಂದು ಕಾರಣ. ಉಗುರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಉಗುರು ನೀರು ಹೀರಿಕೊಳ್ಳುತ್ತದೆ, ಒಣಗುತ್ತದೆ, ಅಷ್ಟು ನಿಜ. ಅದು ಉಸಿರಾಟ ಅಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಇಲ್ಲ ಮೇಡಂ, ಜೆಲ್ ತೆಗೆದಾಗ ನನ್ನ ಉಗುರು ಕಾಗದದ ಹಾಗೆ ಆಗಿತ್ತು. ಉಸಿರು ಕಟ್ಟಿದ್ದಕ್ಕೇ ಅಲ್ವಾ?" ಹಾಗೆ ಕೇಳಿದ ಒಬ್ಬ ಹುಡುಗಿ ತಾನೇ ಕಿತ್ತು ತೆಗೆದ ಜೆಲ್ ಚೂರನ್ನು ಪೊಟ್ಟಣ ಕಟ್ಟಿ ತಂದಿದ್ದಳು. ಮೇಲ್ಭಾಗ ಕೆಂಪಗೆ ಹೊಳೆಯುತ್ತಿತ್ತು. ತಿರುಗಿಸಿ ಬೆಳಕಿಗೆ ಹಿಡಿದೆ. ಒಳಮೈಗೆ ಬಿಳಿ ಪೊರೆ ಅಂಟಿತ್ತು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ಇದೇನು ಗೊತ್ತಾ ಅಂತ ಕೇಳಿದೆ. ಅಂಟು ಇರಬೇಕು ಅಂದಳು. ಅದು ಅವಳದೇ ಉಗುರು.

ಉಗುರು ತೆಳುವಾಗುವುದು ಹೀಗೆ. ಒಂದು ಮೂಲೆ ಎದ್ದಿದೆ ಅಂತ ಟಿವಿ ನೋಡುತ್ತಾ ಕೆರೆದು ಕೀಳುತ್ತೀರಿ, ಜೆಲ್ ಜೊತೆ ಉಗುರಿನ ಮೇಲ್ಪದರವೂ ಬರುತ್ತದೆ. ಸಲೂನಿನಲ್ಲೂ ಅವಸರದವರು ಅರೆಬರೆ ನೆನೆಸಿ ಲೋಹದ ತುದಿಯಿಂದ ಹೆರೆಯುತ್ತಾರೆ. ಸಾಲದ್ದಕ್ಕೆ ಹಚ್ಚುವ ಮೊದಲು ಮಷೀನಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿರುತ್ತಾರೆ.

"ಎರಡು ವಾರ ಬಿಟ್ಟೆ, ಸರಿಹೋಯ್ತು" ಅನ್ನುತ್ತೀರಿ. ಲೆಕ್ಕ ಹಾಕಿ ನೋಡೋಣ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಎರಡು ವಾರಕ್ಕೆ ಒಂದೂವರೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಸತ್ತ ಪದರ ಗಾಯದ ಹಾಗೆ ಮಾಯುವುದಿಲ್ಲ, ಬೆಳೆದು ಹೊರಗೆ ಹೋಗಬೇಕು ಅಷ್ಟೇ. ನಿಮ್ಮ ಎರಡು ವಾರದಲ್ಲಿ ಆಗಿದ್ದು ಏನೆಂದರೆ, ಸೀಳಿದ ತುದಿ ಕತ್ತರಿಸಿದಿರಿ, ಎಣ್ಣೆ ಹಚ್ಚಿದಿರಿ, ನೋಡಲು ಪರವಾಗಿಲ್ಲ ಅನಿಸಿತು.

ಇದರಲ್ಲಿ ನಂಗೆ ಬೇಸರ ತರಿಸುವುದು ಒಂದೇ. ಬಿಡುವು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದವರು ತೆಗೆಯುವ ರೀತಿಯ ಬಗ್ಗೆ ಯೋಚಿಸುವುದೇ ಇಲ್ಲ. ಮತ್ತೆ ಕೀಳುತ್ತಾರೆ, ಮತ್ತೆ ಬಿಡುವು ಕೊಡುತ್ತಾರೆ. ಸರಿಯಾಗಿ ನೆನೆಸಿ ತೆಗೆದ ಉಗುರು ಗಟ್ಟಿಯಾಗಿದ್ದರೆ ಅದೇ ದಿನ ಹೊಸ ಬಣ್ಣ ಹಚ್ಚಿಸಿಕೊಳ್ಳಿ, ತೊಂದರೆ ಇಲ್ಲ. ಬಿಡುವು ಬೇಕಾಗುವುದು ಉಗುರು ತೆಳುವಾದಾಗ, ಕೆಳಗಿನ ಚರ್ಮದಿಂದ ಎದ್ದಾಗ, ಹಸಿರು ಕಲೆ ಕಂಡಾಗ, ಉಗುರುಸುತ್ತು ಆದಾಗ. ಆ ಹಸಿರು ಕಲೆ, ಉಗುರು ಎದ್ದ ಸಂದಿಯಲ್ಲಿ ತೇವ ನಿಂತು ಬೆಳೆದ ಬ್ಯಾಕ್ಟೀರಿಯಾದ್ದು. ಅದರ ಮೇಲೆ ಬಣ್ಣ ಬಳಿದು ಮುಚ್ಚಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಗಾಳಿ ಸಿಗಲಿಲ್ಲ ಅಂತ ಚಿಂತೆ ಮಾಡುವವರು, ಮನೆಯಲ್ಲೇ ಜೆಲ್ ಹಚ್ಚಿಕೊಳ್ಳುವಾಗ ಅದು ಚರ್ಮಕ್ಕೆ ತಾಗಿದ್ದನ್ನು ಗಮನಿಸುವುದೇ ಇಲ್ಲ. ಗಟ್ಟಿಯಾಗದ ಜೆಲ್‌ನಲ್ಲಿ ಅಕ್ರಿಲೇಟ್ ಜಾತಿಯ ರಾಸಾಯನಿಕಗಳು ಇರುತ್ತವೆ. ಹೆಚ್‌ಇಎಂಎ ಅನ್ನುವುದು ಅದರಲ್ಲಿ ಮುಖ್ಯ. ಇವು ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2012ರಲ್ಲಿ ಅಕ್ರಿಲೇಟ್‌ಗಳನ್ನು ಆ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು.

ಲ್ಯಾಂಪ್ ಜೆಲ್‌ಗೆ ಹೊಂದದಿದ್ದರೂ, ಪದರ ದಪ್ಪ ಆದರೂ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಕೆಳಗೆ ಹಸಿಯೇ ಉಳಿಯುತ್ತದೆ. ತೆಳ್ಳಗೆ ಹಚ್ಚಿ. ಸುತ್ತಲಿನ ಚರ್ಮದಿಂದ ಕೂದಲೆಳೆಯಷ್ಟು ಅಂತರ ಬಿಡಿ. ತಾಗಿದರೆ ಲ್ಯಾಂಪಿಗೆ ಕೈ ಇಡುವ ಮೊದಲೇ ಒರೆಸಿ. ಎಲ್‌ಇಡಿ ಲ್ಯಾಂಪಿನಲ್ಲೂ ಯುವಿ ಕಿರಣ ಇರುತ್ತದೆ, ಹಾಗಾಗಿ ಕೈಗೆ ಸನ್‌ಸ್ಕ್ರೀನ್ ಹಚ್ಚಿ ಅಥವಾ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿ.

ಉಗುರಿನ ಸುತ್ತ ತುರಿಕೆ, ಕೆಂಪು, ಸಣ್ಣ ಗುಳ್ಳೆ ಬಂದರೆ ನಿಲ್ಲಿಸಿ. ಕೆಲವರಿಗೆ ಕೈಗಿಂತ ಮೊದಲು ಕಣ್ಣಿನ ರೆಪ್ಪೆ ತುರಿಸುತ್ತದೆ, ಬೆರಳು ಅಲ್ಲಿಗೆ ಹೋಗುತ್ತಲೇ ಇರುತ್ತದಲ್ವಾ. ಬೇರೆ ಬ್ರಾಂಡ್ ನೋಡೋಣ ಅಂತ ಮುಂದುವರಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಯಾವುದಕ್ಕೆ ಅಲರ್ಜಿ ಅಂತ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಇದೇ ಜಾತಿಯ ವಸ್ತು ಹಲ್ಲಿನ ಕುಳಿ ತುಂಬುವುದರಲ್ಲಿದೆ, ಮಂಡಿ ಬದಲಿಸುವಾಗ ಬಳಸುವ ಮೂಳೆ ಸಿಮೆಂಟಿನಲ್ಲೂ ಇದೆ. ಟೆಸ್ಟಿನಲ್ಲಿ ಅಲರ್ಜಿ ಇದೆ ಅಂತ ಬಂದರೆ ಆ ವರದಿ ಜೋಪಾನವಾಗಿಡಿ, ಮುಂದಿನ ಸಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮೊದಲೇ ಅವರಿಗೆ ತೋರಿಸಿ.