ಶೋಕಚಿತ್ರ: ಸಮಾಧಿಗೆ ಒರಗಿದ ವಿಧವೆ

ಸಮಾಧಿಯ ಕಟ್ಟೆ, ಅದರ ಮೇಲೊಂದು ಕಲಶ, ಪಕ್ಕದಲ್ಲಿ ಕೊಂಬೆ ಇಳಿಬಿಟ್ಟ ವಿಲೋ ಮರ, ಕಟ್ಟೆಗೆ ಮೊಣಕೈ ಊರಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ ಹೆಂಗಸು. ಇಷ್ಟು ಕಂಡರೆ ಅದು ಶೋಕಚಿತ್ರ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ, ಅದರಲ್ಲೂ ನ್ಯೂ ಇಂಗ್ಲೆಂಡ್ ಪ್ರಾಂತದ ಅನುಕೂಲಸ್ಥರ ಮನೆಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕುತ್ತಿದ್ದ ಚಿತ್ರಗಳಿವು.

1799ರ ಡಿಸೆಂಬರ್ 14ರಂದು ಜಾರ್ಜ್ ವಾಷಿಂಗ್ಟನ್ ತೀರಿಕೊಂಡಾಗ ದೇಶವೇ ಶೋಕ ಆಚರಿಸಿತು. ಅವರ ಸ್ಮಾರಕದ ಮುದ್ರಿತ ಚಿತ್ರಗಳು ಎಲ್ಲೆಡೆ ಹರಡಿದವು. ಹೆಣ್ಣುಮಕ್ಕಳ ಶಾಲೆಗಳು ಅಂಥವನ್ನೇ ಮಾದರಿಯಾಗಿ ಇಟ್ಟುಕೊಂಡವು. ಮೊದಮೊದಲು ರೇಷ್ಮೆ ಬಟ್ಟೆಯ ಮೇಲೆ ಕಸೂತಿ. ಮುಖ, ಕೈ, ಆಕಾಶಕ್ಕೆ ಮಾತ್ರ ಜಲವರ್ಣ. ಬರಬರುತ್ತಾ ಕಾಗದ ಮತ್ತು ಜಲವರ್ಣ ಆ ಜಾಗಕ್ಕೆ ಬಂದವು. ಆದರೂ ಸೂಜಿ ಹಿಡಿದ ಕೈಯ ಅಭ್ಯಾಸ ಹೋಗಲಿಲ್ಲ. ವಿಲೋ ಎಲೆಗಳನ್ನೋ ಬುಡದ ಹುಲ್ಲನ್ನೋ ಹತ್ತಿರದಿಂದ ನೋಡಿದರೆ ಕುಂಚದ ಸಣ್ಣ ಗೀರುಗಳು ಹೊಲಿಗೆಯ ಎಳೆಗಳಂತೆ ಸಾಲುಗಟ್ಟಿರುವುದು ಕಾಣುತ್ತದೆ.

ಬಿಡಿಸುತ್ತಿದ್ದವರಲ್ಲಿ ಹೆಚ್ಚಿನವರು ಇನ್ನೂ ಮದುವೆಯಾಗದ ಹುಡುಗಿಯರು. ರಾಷ್ಟ್ರನಾಯಕನಿಗಾಗಿ ಅಳುವವಳು, ತಾಯಿಗಾಗಿ ಅಳುವವಳು, ಗಂಡನಿಗಾಗಿ ಅಳುವವಳು, ಎಲ್ಲರಿಗೂ ಒಂದೇ ಭಂಗಿ. ಆಕೆ ವಿಧವೆಯೋ ಮಗಳೋ ಎಂದು ತಿಳಿಯಬೇಕಾದರೆ ಕಟ್ಟೆಯ ಮೇಲಿನ ಬರಹವನ್ನೇ ಓದಬೇಕು. ಕೆಲವು ಚಿತ್ರಗಳಲ್ಲಿ ಆ ಜಾಗವೂ ಖಾಲಿ. ಬಿಳಿ ಉಡುಪು ಕಂಡೊಡನೆ ನಮ್ಮ ಕಡೆಯ ವಿಧವೆಯರ ಬಿಳಿ ಸೀರೆ ನೆನಪಿಗೆ ಬರುವುದು ಸಹಜ. ಆದರೆ ಎದೆಯ ಕೆಳಗೇ ನಡು ಕಟ್ಟಿದ ಆ ನಿಲುವಂಗಿ ಗ್ರೀಕ್ ಶಿಲ್ಪಗಳ ಮೋಹದಿಂದ ಬಂದ ಅಂದಿನ ಫ್ಯಾಷನ್. ಕಪ್ಪು ಉಟ್ಟವರೂ ಈ ಚಿತ್ರಗಳಲ್ಲಿ ಇದ್ದಾರೆ.

ನನ್ನನ್ನು ಕಾಡುವುದು ಈ ಚಿತ್ರಗಳು ತೋರಿಸದ ಬದುಕು. ಅಂದಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಒಡವೆ, ಹಣ, ಸಾಮಾನು ಗಂಡನ ಪಾಲು. ಅವನು ಉಯಿಲು ಬರೆಯದೆ ಸತ್ತರೆ ಅವನ ಜಮೀನಿನ ಮೂರನೆಯ ಒಂದು ಭಾಗವನ್ನು ವಿಧವೆ ಬದುಕಿರುವವರೆಗೆ ಅನುಭವಿಸಬಹುದಿತ್ತು, ಮಾರುವಂತಿರಲಿಲ್ಲ. ಮನೆಯನ್ನೂ ಹೀಗೆಯೇ ಪಾಲು ಮಾಡುತ್ತಿದ್ದರು: ಇಂತಿಂಥ ಕೋಣೆ ಅವಳದು, ಬಾವಿಗೆ ಹೋಗಿ ಬರುವ ಹಕ್ಕು ಉಂಟು, ಒಲೆ ಬಳಸಬಹುದು ಎಂದು ಕಾಗದದಲ್ಲಿ ಬರೆದಿಡುತ್ತಿದ್ದರು. ತಾನೇ ನಡೆಸಿಕೊಂಡು ಬಂದ ಮನೆಯಲ್ಲಿ ನೀರು ಸೇದುವುದಕ್ಕೂ ಬರಹದ ಅನುಮತಿ ಬೇಕಾಗುತ್ತಿತ್ತು. ವಿಲೋ ಮರದ ಕೆಳಗೆ ನಿಂತವಳಿಗೆ ದುಃಖ ಬಿಟ್ಟರೆ ಇನ್ನೊಂದು ಚಿಂತೆಯೇ ಇಲ್ಲ! ಅಷ್ಟು ಸೊಗಸಾಗಿ ಬಿಡಿಸಿದ ದುಃಖ ಅವಳ ಸಂಕಟದ ಅರ್ಧವನ್ನು ಮರೆಮಾಡುತ್ತದೆ.

ಶಾಲೆಯ ಪಾಠದ ಹೊರಗೆ ನಿಂತವರೂ ಇದ್ದರು. ಕನೆಕ್ಟಿಕಟ್‌ನ ಯೂನಿಸ್ ಪಿನ್ನಿ ನಡುವಯಸ್ಸಿನಲ್ಲಿ ಜಲವರ್ಣ ಬರೆದವರು. 1813ರಲ್ಲಿ ಅವರು ತಮ್ಮದೇ ಸಾವಿಗೊಂದು ಸ್ಮರಣಚಿತ್ರ ಬರೆದರು, ಬದುಕಿದ್ದು 1849ರವರೆಗೆ.

1840ರ ದಶಕದಲ್ಲಿ ನ್ಯೂಯಾರ್ಕಿನ ನೇಥನಿಯಲ್ ಕರಿಯರ್ ಅವರ ಮುದ್ರಣಾಲಯ ಇದೇ ಸಮಾಧಿ, ಇದೇ ಮರ, ಇದೇ ಹೆಂಗಸನ್ನು ಕಲ್ಲಚ್ಚಿನಲ್ಲಿ ತೆಗೆದು ಮಾರತೊಡಗಿತು. ಕಟ್ಟೆಯ ಮೇಲೆ ಜಾಗ ಬಿಟ್ಟಿರುತ್ತಿತ್ತು. ಕೊಂಡವರು ಹೆಸರು, ತಾರೀಖು ಬರೆದುಕೊಂಡರೆ ಆಯಿತು.