ಕೊಡಗಿಗೆ ತಡವಾಗಿ ಬಂದ ಸೋಂಕು ತಡವಾಗಿಯೇ ಹೋದದ್ದೇಕೆ?

2020ರ ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರ ಕೊರೊನಾ ಸೋಂಕಿನ ಅಪಾಯಕ್ಕೆ ತಕ್ಕಂತೆ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ಕೊಡಗು ಹಸಿರು ವಲಯದಲ್ಲಿತ್ತು. 2021ರ ಜುಲೈ ಮೊದಲ ವಾರ ರಾಜ್ಯದ ಉಳಿದೆಡೆ ಕೊರೊನಾ ನಿರ್ಬಂಧಗಳು ಸಡಿಲಗೊಂಡಾಗ, ಪಾಸಿಟಿವಿಟಿ ದರ (ಪರೀಕ್ಷೆಗೊಳಗಾದವರಲ್ಲಿ ಸೋಂಕಿತರ ಪ್ರಮಾಣ) ಇಳಿದಿಲ್ಲವೆಂದು ಹೊರಗುಳಿದ ಜಿಲ್ಲೆಯೂ ಇದೇ. ಈ ಹದಿನಾಲ್ಕು ತಿಂಗಳಲ್ಲಿ ಇಲ್ಲಿನ ಬೆಟ್ಟವಾಗಲಿ, ಹವೆಯಾಗಲಿ ಬದಲಾಗಿರಲಿಲ್ಲ. ಆದ್ದರಿಂದ ಸೋಂಕಿನ ಏರಿಳಿತಕ್ಕೆ ಕಾರಣವನ್ನು ಮಲೆನಾಡಿನ ಗಾಳಿಯಲ್ಲಿ ಹುಡುಕುವುದಕ್ಕಿಂತ ಜನರ ಓಡಾಟದಲ್ಲಿ ಹುಡುಕುವುದು ಮೇಲು.

ಈ ಪಾಠ ಹಳೆಯದು. 1918ರ ಜೂನ್‌ನಲ್ಲಿ ಬೊಂಬಾಯಿಯ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲು ಹಳಿಗಳ ಗುಂಟ ಒಳನಾಡಿಗೆ ಹರಡಿತು. ಅದೇ ವರ್ಷದ ಎರಡನೆಯ ಅಲೆ ಪಶ್ಚಿಮ ಭಾರತದಲ್ಲಿ ಅತಿ ಘೋರವಾಗಿತ್ತು. ಬಂಗಾಳದ ಕಡೆಗೆ ಸಾಗಿದಂತೆ ಸಾವಿನ ಪ್ರಮಾಣ ತಗ್ಗಿತು. ಕೊಡಗಿಗೆ ಆಗಲೂ ರೈಲಿರಲಿಲ್ಲ, ಈಗಲೂ ಇಲ್ಲ. ಆದರೂ 1911ರಲ್ಲಿ 1,74,976 ಇದ್ದ ಇಲ್ಲಿನ ಜನಸಂಖ್ಯೆ 1921ರ ಗಣತಿಯಲ್ಲಿ 1,63,838ಕ್ಕೆ ಇಳಿದಿತ್ತು. ಇಡೀ ಇಳಿಕೆಯನ್ನು ಆ ಜ್ವರದ ಲೆಕ್ಕಕ್ಕೆ ಬರೆಯುವಂತಿಲ್ಲ: ಮಲೇರಿಯಾ ಇಲ್ಲಿನ ಹಳೆಯ ಪಿಡುಗಾಗಿತ್ತು, ತೋಟದ ಕೂಲಿಕಾರರ ಸಂಖ್ಯೆಯೂ ಹಂಗಾಮಿನೊಂದಿಗೆ ಏರಿಳಿಯುತ್ತಿತ್ತು.

2020ರಲ್ಲಿ ಸೋಂಕಿಗೆ ರೈಲು ಬೇಕಿರಲಿಲ್ಲ. ಆ ವರ್ಷದ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಪ್ರಕರಣ ಪತ್ತೆಯಾಯಿತು. ಕೊಡಗಿನ ಮೊದಲ ಪ್ರಕರಣ ಮಾರ್ಚ್ 19ರಂದು, ಕೊಲ್ಲಿ ರಾಷ್ಟ್ರದಿಂದ ಮರಳಿದವರೊಬ್ಬರಲ್ಲಿ. ಲಾಕ್‌ಡೌನ್ ಬಂದದ್ದು ಅದರ ಬೆನ್ನಿಗೇ. ಕಣ್ಣೂರಿಗೆ ಇಳಿಯುವ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಲಾಯಿತು. ಚದರ ಕಿಲೋಮೀಟರಿಗೆ ಸುಮಾರು 135 ಜನರಷ್ಟೇ ಇರುವ ಜಿಲ್ಲೆಯಲ್ಲಿ ಸೋಂಕಿನ ಸರಪಳಿ ಮುರಿಯುವುದು ಆಗ ಸಾಧ್ಯವಾಯಿತು. ಆದರೆ ತಪ್ಪಿಸಿಕೊಂಡವರೆಂದರೆ ಮುಂದಿನ ಅಲೆಗೆ ಉಳಿದವರು ಎಂದೂ ಅರ್ಥ.

ಜನರ ರಕ್ತದಲ್ಲಿ ಸೋಂಕಿನ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ನೋಡುವ ದೇಶದ ಸೆರೋ ಸಮೀಕ್ಷೆಗಳು ಇದನ್ನೇ ತೋರಿಸಿದವು. 2020ರ ಮೇ–ಜೂನ್‌ನಲ್ಲಿ ಶೇ 0.73ರಷ್ಟು ವಯಸ್ಕರಲ್ಲಿ ಮಾತ್ರ ಪ್ರತಿಕಾಯಗಳಿದ್ದವು. 2021ರ ಜೂನ್–ಜುಲೈ ವೇಳೆಗೆ ಲಸಿಕೆ ಪಡೆದವರೂ ಸೇರಿದಂತೆ ರಾಷ್ಟ್ರದ ಸರಾಸರಿ ಶೇ 67.6ಕ್ಕೆ ಏರಿತ್ತು, ಮಧ್ಯಪ್ರದೇಶದಲ್ಲಿ ಶೇ 79 ಇದ್ದರೆ ಕೇರಳದಲ್ಲಿ ಶೇ 44.4. ಪ್ರಕರಣಗಳು ಹೆಚ್ಚೆಂದು ಟೀಕೆಗೆ ಗುರಿಯಾಗಿದ್ದ ಕೇರಳದಲ್ಲಿ ಸೋಂಕು ತಗುಲಿದ್ದವರೇ ಕಡಿಮೆ. ಆ ಕಾರಣಕ್ಕೇ ಎರಡನೆಯ ಅಲೆಯ ಡೆಲ್ಟಾ ರೂಪಾಂತರಿ ವೈರಸ್ ಅಲ್ಲಿ ಬಹುಕಾಲ ಉಳಿಯಿತು. ಕೇರಳಕ್ಕೆ ಅಂಟಿಕೊಂಡಿರುವ ಕೊಡಗಿನಲ್ಲೂ ಹೀಗೆಯೇ ಆಗಿರಬೇಕು ಎಂಬುದು ನನ್ನ ತರ್ಕ.

ಜನಸಾಂದ್ರತೆಯ ಅಂಕಿ ಹೇಳದ ಇನ್ನೊಂದು ಸಂಗತಿಯಿದೆ. ತೋಟಗಳಲ್ಲಿ ಮನೆಗಳು ವಿರಳ, ಆದರೆ ಕಾರ್ಮಿಕರ ಲೈನ್ ಮನೆಗಳು ಗೋಡೆಗೆ ಗೋಡೆ ತಾಗಿಸಿ ಕಟ್ಟಿದವು: ಒಂದೆರಡು ಕೋಣೆ, ಸಾಲಿಗೆಲ್ಲ ಒಂದು ನಲ್ಲಿ. ಪೇಟೆಯಿಂದ ಬರುವ ಕೆಲಸಗಾರರು ಬೆಳಿಗ್ಗೆ ಒಂದೇ ಜೀಪಿನಲ್ಲಿ ತೊಡೆಗೆ ತೊಡೆ ಒತ್ತಿ ಕೂತು ಬರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಿಟಕಿ ಮುಚ್ಚಿ, ಒದ್ದೆ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿ, ಮನೆಮಂದಿಯೆಲ್ಲ ಅದೇ ಬೆಂಕಿಯ ಸುತ್ತ ಕೂರುತ್ತಾರೆ. ಅಂಥ ಮನೆಯಲ್ಲಿ ಜ್ವರ ಬಂದವರಿಗೆ ಪ್ರತ್ಯೇಕವಾಗಿರಲು ಇನ್ನೊಂದು ಕೋಣೆ ಎಲ್ಲಿಂದ ತರಬೇಕಿತ್ತು?