ಅಂಬಾಸಿಡರ್‌ನಲ್ಲಿ ‘ಕರೆಂಟ್ ಬರ್ತಿಲ್ಲ’ ಅಂದಾಗ: ಸಿಬಿ ಪಾಯಿಂಟ್ ಇಗ್ನಿಷನ್ ಟಿಪ್ಪಣಿ

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಕಾರ್ಬೊರೇಟರ್‌ಗೆ ಪೆಟ್ರೋಲ್ ಬರುತ್ತಿದೆ, ಆದರೂ ಎಂಜಿನ್ ಒಮ್ಮೆಯೂ ಕೆಮ್ಮುವುದಿಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ‘ಕರೆಂಟ್ ಬರ್ತಿಲ್ಲ’ ಅನ್ನುತ್ತಾರೆ. ಆಗ ಹೆಚ್ಚಿನವರು ಮೊದಲು ಕಂಡೆನ್ಸರ್ ಬದಲಿಸುತ್ತಾರೆ, ಆಮೇಲೆ ಕೋಯಿಲ್, ಆಮೇಲೆ ಪಾಯಿಂಟ್. ಮೂರೂ ಹೊಸದಾದ ಮೇಲೂ ಗಾಡಿ ನಿಂತಲ್ಲೇ ನಿಂತಿರುತ್ತದೆ. ಹತ್ತು ನಿಮಿಷ ಅಳೆದು ನೋಡಿದರೆ ಇಷ್ಟು ಖರ್ಚು ಬೇಕಿಲ್ಲ. ಇಲ್ಲಿ ಹೇಳಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್, ಸಿಬಿ ಪಾಯಿಂಟ್ (ಕಾಂಟ್ಯಾಕ್ಟ್ ಬ್ರೇಕರ್, ಅಂದರೆ ಕೂಡುತ್ತ ಬಿಡುತ್ತ ಇರುವ ಸಣ್ಣ ಸ್ವಿಚ್) ಇರುವ ಹಳೆಯ ಅಂಬಾಸಿಡರ್ ಬಗ್ಗೆ. ಪಾಯಿಂಟ್ ಇರುವ ಬೇರೆ ಹಳೆಯ ಕಾರುಗಳಿಗೂ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯ 12 ವೋಲ್ಟ್ ಇಗ್ನಿಷನ್ ಸ್ವಿಚ್ ದಾಟಿ ಕೋಯಿಲ್‌ನ ‘ಎಸ್‌ಡಬ್ಲ್ಯೂ’ (ಸ್ವಿಚ್) ಟರ್ಮಿನಲ್‌ಗೆ ಬರುತ್ತದೆ. ಒಳಗಿನ ಪ್ರೈಮರಿ ಸುರುಳಿ ಸುತ್ತಿ ‘ಸಿಬಿ’ ಟರ್ಮಿನಲ್‌ನಿಂದ ಹೊರಬಿದ್ದು, ಸಣ್ಣ ವೈರಿನ ಮೂಲಕ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ಪಾಯಿಂಟ್‌ಗೆ ಹೋಗಿ ಅರ್ತ್ ಆಗುತ್ತದೆ, ಅಂದರೆ ಗಾಡಿಯ ಲೋಹಕ್ಕೆ ಸೇರುತ್ತದೆ. (ಹೊಸ ಕೋಯಿಲ್‌ಗಳಲ್ಲಿ ಪ್ಲಸ್, ಮೈನಸ್ ಗುರುತಿರುತ್ತದೆ. ನೆಗೆಟಿವ್ ಅರ್ತ್ ಗಾಡಿಯಲ್ಲಿ ಮೈನಸ್ ಕಡೆಯೇ ಡಿಸ್ಟ್ರಿಬ್ಯೂಟರ್‌ಗೆ.) ಪ್ರೈಮರಿಯ ರೋಧ ಸುಮಾರು 3 ಓಮ್, ಹಾಗಾಗಿ ಪಾಯಿಂಟ್ ಕೂಡಿದ್ದಾಗ ನಾಲ್ಕು ಆಂಪಿಯರ್ ಆಸುಪಾಸು ಹರಿಯುತ್ತದೆ.

ಕಲಿಯುವವರು ಇಲ್ಲೇ ಎಡವುವುದು: ಕಿಡಿ ಹುಟ್ಟುವುದು ಪಾಯಿಂಟ್ ಕೂಡಿದಾಗ ಅಲ್ಲ, ಬಿಟ್ಟಾಗ. ಕ್ಯಾಮ್ (ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೂಲೆಗಳಿರುವ ಭಾಗ) ಪಾಯಿಂಟನ್ನು ತೆರೆದ ಕ್ಷಣ ಹರಿವು ಕಡಿದು, ಕೋಯಿಲ್‌ನ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತವೇ ಸೆಕೆಂಡರಿ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಎಬ್ಬಿಸುತ್ತದೆ. ಕಂಡೆನ್ಸರ್‌ನ ಕೆಲಸ ಆ ಕಡಿತ ಚುರುಕಾಗಿ ಆಗುವಂತೆ ನೋಡಿಕೊಳ್ಳುವುದು. ಅದಿಲ್ಲದಿದ್ದರೆ ವಿದ್ಯುತ್ತು ಪಾಯಿಂಟ್ ನಡುವಿನ ಸಂದಿಯಲ್ಲೇ ಹಾರಿ ಉರಿದುಹೋಗುತ್ತದೆ, ಪ್ಲಗ್‌ಗೆ ಏನೂ ಉಳಿಯುವುದಿಲ್ಲ.

ಮೊದಲ ಪರೀಕ್ಷೆ

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಸೆಲ್ಫ್ ಹೊಡೆಯುವಾಗ ರೋಟರ್ (ನಡುವೆ ತಿರುಗುತ್ತ ಕಿಡಿಯನ್ನು ಒಂದೊಂದೇ ಪ್ಲಗ್ ವೈರಿಗೆ ಕೊಡುವ ತುಂಡು) ತಿರುಗುತ್ತಿದೆಯೇ, ಪಾಯಿಂಟ್ ತೆರೆದು ಮುಚ್ಚುತ್ತಿದೆಯೇ ನೋಡಿ. ರೋಟರ್ ತಿರುಗದಿದ್ದರೆ ತೊಂದರೆ ವಿದ್ಯುತ್ತಿನದಲ್ಲ, ಡಿಸ್ಟ್ರಿಬ್ಯೂಟರ್ ಡ್ರೈವ್ ಅಥವಾ ಟೈಮಿಂಗ್ ಚೈನಿನದು.

ತಿರುಗುತ್ತಿದ್ದರೆ, ಕೋಯಿಲ್‌ನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ಎಚ್‌ಟಿ (ಹೈ ಟೆನ್ಷನ್) ವೈರನ್ನು ಕ್ಯಾಪಿನಿಂದ ಕಿತ್ತು, ಇನ್ಸುಲೇಟೆಡ್ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕ್‌ನಿಂದ 6 ಮಿ.ಮೀ. ದೂರದಲ್ಲಿಡಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು, ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಪಾಯಿಂಟ್ ಕೂಡಿರುವ ಸ್ಥಿತಿಗೆ ಎಂಜಿನ್ ತಂದು, ಇಗ್ನಿಷನ್ ಆನ್ ಮಾಡಿ, ಹಿಡಿಕೆಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್‌ನಿಂದ ಪಾಯಿಂಟ್ ತೋಳನ್ನು ಮೆಲ್ಲಗೆ ಸರಿಸಿ ಬಿಡಿಸಿ. ‘ಚಟ್’ ಎಂದು ನೀಲಿ ಕಿಡಿ ಹಾರಿದರೆ ಕೋಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಸರಿ. ದೋಷ ಕ್ಯಾಪ್, ರೋಟರ್, ಪ್ಲಗ್ ವೈರ್, ಪ್ಲಗ್ ಈ ಕಡೆ. ಕಿಡಿಯೇ ಇಲ್ಲ, ಅಥವಾ ಹಳದಿಯಾಗಿ ಸೊರಗಿದೆ ಎಂದರೆ ಕೋಯಿಲ್‌ನಿಂದ ಹಿಂದಕ್ಕೆ ಹುಡುಕಬೇಕು. ಈ ಒಂದೇ ಪರೀಕ್ಷೆ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಸಿಬಿ ಟರ್ಮಿನಲ್ ಏನು ಹೇಳುತ್ತದೆ

ಇಡೀ ಪಾಠದಲ್ಲಿ ಚೆನ್ನಾಗಿ ರೂಢಿಯಾಗಬೇಕಾದದ್ದು ಇದು. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಎಂಜಿನ್ ಬ್ಲಾಕ್‌ಗೆ. ಇಗ್ನಿಷನ್ ಆನ್. ಮೊದಲು ಎಸ್‌ಡಬ್ಲ್ಯೂ ಟರ್ಮಿನಲ್ ನೋಡಿ: ಬ್ಯಾಟರಿ ವೋಲ್ಟೇಜ್‌ಗೆ ಹತ್ತಿರ ಇರಬೇಕು. ಇಲ್ಲವಾದರೆ ಸ್ವಿಚ್ ಅಥವಾ ಅಲ್ಲಿಂದ ಬರುವ ವೈರಿನ ತೊಂದರೆ. ಬ್ಯಾಟರಿಯಿಂದ ಎಸ್‌ಡಬ್ಲ್ಯೂಗೆ ನೇರ ಒಂದು ವೈರ್ ಕೊಟ್ಟಾಗ ಎಂಜಿನ್ ಹತ್ತಿದರೆ ಅದು ಖಚಿತ. ಹಾಗೆ ಹತ್ತಿದ ಎಂಜಿನ್ ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ವೈರನ್ನೇ ಕೀಳಬೇಕು.

ಈಗ ಪ್ರೋಬನ್ನು ಸಿಬಿ ಟರ್ಮಿನಲ್‌ಗೆ ಇಡಿ. ಪಾಯಿಂಟ್ ಕೂಡಿದ್ದಾಗ ಸೊನ್ನೆಗೆ ಹತ್ತಿರ, ಬಿಟ್ಟಾಗ 12ಕ್ಕೆ ಹತ್ತಿರ. ಹೀಗೆ ಏರಿಳಿಯಬೇಕು.

ಪಾಯಿಂಟ್ ಕೂಡಿದ್ದರೂ 12 ತೋರಿಸಿದರೆ ವಿದ್ಯುತ್ತು ಅರ್ತ್‌ಗೆ ತಲುಪುತ್ತಿಲ್ಲ. ಪಾಯಿಂಟ್ ಮುಖ ಕರಿಗಟ್ಟಿರಬಹುದು, ಬೂದು ಪೊರೆ ಕೂತಿರಬಹುದು, ಬೇಸ್‌ಪ್ಲೇಟಿನ ಅರ್ತ್ ವೈರ್ ಅಥವಾ ಕೋಯಿಲ್‌ನಿಂದ ಬರುವ ವೈರ್ ಒಳಗೇ ತುಂಡಾಗಿರಬಹುದು. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಂತಿ ಕಡಿದಿರುವುದು ಕಣ್ಣಿಗೆ ಕಾಣುವುದಿಲ್ಲ, ಎಳೆದು ನೋಡಿದರೆ ರಬ್ಬರಿನಂತೆ ಹಿಗ್ಗುತ್ತದೆ. ಹೊಸ ಪಾಯಿಂಟ್ ಹಾಕಿದ ಕೂಡಲೇ ಕಿಡಿ ಹೋದರೆ, ಅದರ ಮುಖಕ್ಕೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆಪೊರೆ ಒರೆಸಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು, ಅದು ಆರಿದ ಮೇಲೆಯೇ ಇಗ್ನಿಷನ್ ಹಾಕಿ.

ಪಾಯಿಂಟ್ ಬಿಟ್ಟಾಗಲೂ ಸೊನ್ನೆಯೇ ಇದ್ದರೆ, ಕೋಯಿಲ್‌ನಿಂದ ಸಿಬಿ ವೈರನ್ನು ಕಳಚಿ ಟರ್ಮಿನಲ್ ಅಳೆಯಿರಿ. ಆಗ 12 ಬಂದರೆ ಕೋಯಿಲ್‌ನ ಪ್ರೈಮರಿ ಸರಿಯಿದೆ, ಶಾರ್ಟ್ ಡಿಸ್ಟ್ರಿಬ್ಯೂಟರ್ ಒಳಗಿದೆ. ಆಗಲೂ ಬರದಿದ್ದರೆ ಪ್ರೈಮರಿ ಸುರುಳಿ ಕಡಿದಿದೆ. ಒಳಗಿನ ಶಾರ್ಟ್‌ಗೆ ಕಾರಣ ಎರಡೇ ಹೆಚ್ಚು. ಒಂದು, ಕಂಡೆನ್ಸರ್ ಶಾರ್ಟ್: ಅದರ ವೈರ್ ಬಿಡಿಸಿದ ತಕ್ಷಣ ವೋಲ್ಟೇಜ್ ಮರಳುತ್ತದೆ. ಇನ್ನೊಂದು, ಪಾಯಿಂಟಿನ ಸ್ಪ್ರಿಂಗ್ ಕೂರುವ ಕಂಬದ ಪ್ಲಾಸ್ಟಿಕ್ ಬುಷ್ ತಪ್ಪಾಗಿ ಕೂತಿರುವುದು. ಕೋಯಿಲ್ ವೈರಿನ ಕಣ್ಣು (ತುದಿಯ ಲೋಹದ ಬಳೆ), ಕಂಡೆನ್ಸರ್ ವೈರಿನ ಕಣ್ಣು ಎರಡೂ ಸ್ಪ್ರಿಂಗಿಗೆ ತಾಗಬೇಕು, ಕಂಬಕ್ಕಾಗಲಿ ನಟ್ಟಿಗಾಗಲಿ ತಾಗಬಾರದು. ಬಿಚ್ಚುವ ಮೊದಲು ಫೋನ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಸಿಬಿ ಟರ್ಮಿನಲ್‌ನಲ್ಲಿ ಏರಿಳಿತ ಸರಿಯಿದ್ದೂ ಕೋಯಿಲ್‌ನ ಎಚ್‌ಟಿ ವೈರಿನಲ್ಲಿ ಕಿಡಿ ಇಲ್ಲವೇ? ಪಾಯಿಂಟ್ ಬಿಡುವಾಗ ಅಲ್ಲಿ ದೊಡ್ಡ ಬೆಳಕು ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಇಲ್ಲದಿದ್ದರೆ ಎಚ್‌ಟಿ ವೈರ್ ಅಥವಾ ಕೋಯಿಲ್‌ನ ಸೆಕೆಂಡರಿ. ಕೆಲವು ಕೋಯಿಲ್ ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದ ಮೇಲೆ ಕೈಕೊಡುತ್ತವೆ. ಅಂಥದನ್ನು ಬಿಸಿಯಿದ್ದಾಗಲೇ ಅಳೆಯಬೇಕು.

ಪಾಯಿಂಟ್ ಗ್ಯಾಪ್

0.35 ರಿಂದ 0.40 ಮಿ.ಮೀ. ಕ್ಯಾಮ್‌ನ ಮೂಲೆ ಪಾಯಿಂಟನ್ನು ಪೂರ್ತಿ ತೆರೆದಿರುವಾಗಲೇ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಬೇಕು. ಹೊಸ ಪಾಯಿಂಟ್‌ಗೆ 0.40 ಇಡಿ, ಕ್ಯಾಮ್‌ಗೆ ಉಜ್ಜುವ ಹಿಮ್ಮಡಿ ಬೇಗ ಸವೆದು ಗ್ಯಾಪ್ ಇಳಿಯುತ್ತದೆ. ಸವೆದೂ ಸವೆದೂ ಪಾಯಿಂಟ್ ತೆರೆಯುವುದೇ ನಿಂತರೆ ಕಿಡಿಯೂ ನಿಲ್ಲುತ್ತದೆ. ಕ್ಯಾಮ್‌ಗೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಸಿಡಿದು ಪಾಯಿಂಟ್ ಮೇಲೆ ಕೂರುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಸಮಯ) ಬದಲಾಗುತ್ತದೆ, ಅದನ್ನೂ ನೋಡಿ.

ಕ್ಯಾಪ್ ಮತ್ತು ರೋಟರ್

ಕ್ಯಾಪ್ ಒಳಗಿನ ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನಲ್ಲಿ ಸರಾಗ ಆಡಬೇಕು. ಎರಡು ಹಿತ್ತಾಳೆ ಮೊಳೆಗಳ ನಡುವೆ ಪೆನ್ಸಿಲ್ ಗೀಟಿನಂಥ ಕಪ್ಪು ಎಳೆ ಕಂಡರೆ ಕ್ಯಾಪ್ ಬದಲಿಸಲೇಬೇಕು, ಕಿಡಿ ಆ ದಾರಿಯಲ್ಲೇ ಓಡುತ್ತದೆ. ಮಳೆಗಾಲದಲ್ಲಿ ಬರೀ ತೇವವೂ ಇದೇ ಕೆಲಸ ಮಾಡುತ್ತದೆ, ಒಣ ಬಟ್ಟೆಯಿಂದ ಒರೆಸಿ ನೋಡಿ.

ರೋಟರ್‌ನ ಬಿರುಕು ಕಣ್ಣಿಗೆ ಬೀಳುವುದಿಲ್ಲ. ರೋಟರನ್ನು ಅದರ ಜಾಗದಲ್ಲೇ ಬಿಟ್ಟು, ಕೋಯಿಲ್‌ನ ಎಚ್‌ಟಿ ವೈರಿನ ತುದಿಯನ್ನು ಅದರ ಹಿತ್ತಾಳೆಯ ಮೇಲೆ 3 ಮಿ.ಮೀ. ಎತ್ತರದಲ್ಲಿ ಹಿಡಿದು ಪಾಯಿಂಟ್ ಬಿಡಿಸಿ. ಪ್ರತಿ ಸಲವೂ ಗಟ್ಟಿ ಕಿಡಿ ಹಾರಿದರೆ ರೋಟರ್ ಕೆಟ್ಟಿದೆ: ವಿದ್ಯುತ್ತು ಅದನ್ನು ತೂರಿ ಶಾಫ್ಟ್‌ಗೆ ಇಳಿಯುತ್ತಿದೆ. ಒಳ್ಳೆಯ ರೋಟರ್ ಮೇಲೆ ಕಿಡಿ ಹಾರುವುದಿಲ್ಲ.

ವೈರ್‌ಗಳನ್ನು ಮರಳಿ ಸಿಕ್ಕಿಸುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-3-4-2, ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಪರೀಕ್ಷೆಯ ನಡುವೆ ಬಿಡುವು ಕೊಡುವಾಗೆಲ್ಲ ಇಗ್ನಿಷನ್ ಆಫ್ ಮಾಡಿ. ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದು ಕೀ ಆನ್ ಇದ್ದರೆ ಕೋಯಿಲ್ ಕೈಯಿಡಲಾರದಷ್ಟು ಕಾಯುತ್ತದೆ, ಸರಿಯಿದ್ದ ಕೋಯಿಲೂ ಅಲ್ಲೇ ಸುಟ್ಟುಹೋಗಬಹುದು.